ನೀರಿನ ಹೊಳಪು, ಗಾಜಿನ ಪ್ರತಿಬಿಂಬ: ಪೋಲರೈಸರ್ ಎಲ್ಲಿ ಬೇಕು, ಎಡಿಟಿಂಗ್ ಎಲ್ಲಿ ಸಾಕು

ಫೋಟೋದಲ್ಲಿ ಬೇಡದ ಹೊಳಪು ಬಂದರೆ ಎರಡು ದಾರಿ ಇವೆ. ತೆಗೆಯುವಾಗಲೇ ಲೆನ್ಸ್ ಮುಂದೆ ಪೋಲರೈಸಿಂಗ್ ಫಿಲ್ಟರ್ (ಪೋಲರೈಸರ್), ಅಂದರೆ ರಿಂಗ್ ತಿರುಗಿಸಿ ಹೊಳಪು ಕಡಿಮೆ ಮಾಡುವ ಗಾಜು ಹಾಕಿ ತಡೆಯಬಹುದು. ಇಲ್ಲವೇ ಮನೆಗೆ ಬಂದು ಲೈಟ್‌ರೂಮ್, ಫೋಟೋಶಾಪ್, ಸ್ನ್ಯಾಪ್‌ಸೀಡ್ ಯಾವುದಾದರೂ ತೆರೆದು ಸರಿ ಮಾಡಬಹುದು. ಚಿಕ್ಕಬಳ್ಳಾಪುರದ ಕಡೆ ಕ್ಯಾಮೆರಾ ಹಿಡಿದು ಓಡಾಡುವ ಹುಡುಗರು ಈಗ ಕೇಳುವುದು ಒಂದೇ ಪ್ರಶ್ನೆ: ಎಐ ಬಂದಿದೆ ಅಲ್ವಾ, ಇನ್ನು ಫಿಲ್ಟರ್‌ಗೆ ಯಾಕೆ ದುಡ್ಡು ಹಾಕಬೇಕು?

ಹಾಕಬೇಕು ಅಂತಲೇ ನನ್ನ ಉತ್ತರ. ಆದರೆ ಹಾಕಿದ ಮೇಲೆ ಅದನ್ನು ಲೆನ್ಸ್‌ಗೆ ಅಂಟಿಸಿಕೊಂಡೇ ಓಡಾಡುವುದು ಬೇಡ. ಪ್ರತಿ ಸಲ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಹೊಳಪಿನ ಹಿಂದೆ ನನಗೆ ಬೇಕಾದದ್ದು ಏನಾದರೂ ಮುಚ್ಚಿಹೋಗಿದೆಯಾ? ಹೌದು ಅಂದರೆ ಫಿಲ್ಟರ್ ಬೇಕೇ ಬೇಕು. ಬರೀ ಬಣ್ಣ ಸಪ್ಪೆ, ಆಕಾಶ ಬಿಳಿಚಿಕೊಂಡಿದೆ ಅಷ್ಟೇ ಅಂದರೆ ಎಡಿಟಿಂಗ್ ಸಾಕು.

ಕಾರಣ ಸರಳ. ಕೆರೆಯ ಅಂಚಿನಲ್ಲಿ ನಿಂತು ನೀರೊಳಗಿನ ಕಲ್ಲಿನ ಫೋಟೋ ತೆಗೆಯುತ್ತೀರಿ ಅಂದುಕೊಳ್ಳಿ. ಸೆನ್ಸರ್‌ಗೆ ಎರಡು ಬೆಳಕು ಒಟ್ಟಿಗೆ ಬರುತ್ತವೆ, ಕಲ್ಲಿನಿಂದ ಬಂದದ್ದು ಮತ್ತು ನೀರಿನ ಮೇಲೆ ಬಿದ್ದು ವಾಪಸ್ಸಾದ ಆಕಾಶದ ಬೆಳಕು. ಸೆನ್ಸರ್ ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಬರೆದುಕೊಳ್ಳುತ್ತದೆ. ಸಾರಿಗೆ ಬಿದ್ದು ಕರಗಿದ ಉಪ್ಪನ್ನು ಆಮೇಲೆ ಹೆಕ್ಕಿ ತೆಗೆಯಲು ಆಗುವುದಿಲ್ಲವಲ್ಲ, ಇದೂ ಹಾಗೆಯೇ. ಆಕಾಶದ ಪಾಲು ತುಂಬಾ ಜಾಸ್ತಿಯಾಗಿ ಆ ಜಾಗ ಪೂರ್ತಿ ಬಿಳಿಯಾಗಿದ್ದರೆ ಕಲ್ಲಿನ ಮಾಹಿತಿ ಫೈಲ್‌ನಲ್ಲಿ ಇಲ್ಲವೇ ಇಲ್ಲ. ಸೆನ್ಸರ್ ಕಂಡದ್ದನ್ನೆಲ್ಲ ಹಾಗೇ ಉಳಿಸಿಕೊಳ್ಳುವ ರಾ ಫೈಲ್ ಆದರೂ ಅಷ್ಟೇ. ಆಮೇಲೆ ಎಐ ಅಲ್ಲಿ ಒಂದು ಕಲ್ಲು ಕೂರಿಸಿದರೆ ಅದು ಊಹೆಯ ಕಲ್ಲು.

ಕೋನ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ

1808ರಲ್ಲಿ ಪ್ಯಾರಿಸ್‌ನಲ್ಲಿ ಎಟಿಯೆನ್ ಲೂಯಿ ಮಾಲುಸ್ ಎಂಬ ಎಂಜಿನಿಯರ್, ಲಕ್ಸೆಂಬರ್ಗ್ ಅರಮನೆಯ ಕಿಟಕಿ ಗಾಜಿನಲ್ಲಿ ಹೊಳೆಯುತ್ತಿದ್ದ ಸೂರ್ಯನನ್ನು ಒಂದು ಹರಳಿನ ಮೂಲಕ ನೋಡುತ್ತಿದ್ದರು. ಹರಳನ್ನು ತಿರುಗಿಸಿದರೆ ಹೊಳಪು ಹೆಚ್ಚು ಕಡಿಮೆ ಆಗುವುದು ಕಂಡಿತು. ಗಾಜು, ನೀರು ಇಂಥವುಗಳ ಮೇಲೆ ಓರೆಯಾಗಿ ಬಿದ್ದು ವಾಪಸ್ ಬರುವ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ನಮ್ಮ ಫಿಲ್ಟರ್ ಮಾಡುವುದು ಆ ದಿಕ್ಕಿನ ಬೆಳಕನ್ನು ತಡೆಯುವ ಕೆಲಸ, ಉಳಿದದ್ದನ್ನು ಬಿಡುತ್ತದೆ. ಯಾವ ಕೋನದಲ್ಲಿ ಇದು ಪೂರ್ತಿಯಾಗಿ ಆಗುತ್ತದೆ ಎಂಬ ಲೆಕ್ಕವನ್ನು 1815ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಕೊಟ್ಟರು.

ನಮಗೆ ಬೇಕಾದ ಸಂಖ್ಯೆಗಳು ಎರಡೇ. ನೀರಾದರೆ ನಿಮ್ಮ ನೋಟ ಮೇಲ್ಮೈಯಿಂದ ಸುಮಾರು 37 ಡಿಗ್ರಿ ಓರೆ ಇರಬೇಕು. ಗಾಜಾದರೆ ಸುಮಾರು 34 ಡಿಗ್ರಿ. ಕೋನಮಾಪಕ ಹಿಡಿದು ಯಾರೂ ಕೆರೆಗೆ ಹೋಗುವುದಿಲ್ಲ, ಹಾಗಾಗಿ ಸುಲಭದ ಲೆಕ್ಕ ಹೇಳುತ್ತೇನೆ. ನೀರಿನ ಮಟ್ಟದಿಂದ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆಯೋ ಅದರ 1.3 ಪಟ್ಟು ದೂರದಲ್ಲಿರುವ ನೀರಿನ ಮೇಲೆ ಫಿಲ್ಟರ್ ಅತಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಂದವಾರ ಕೆರೆಯ ಏರಿ ಮೇಲೆ ನಿಂತು ಕ್ಯಾಮೆರಾ ನೀರಿನಿಂದ 3 ಮೀಟರ್ ಮೇಲಿದ್ದರೆ, ಸುಮಾರು 4 ಮೀಟರ್ ಆಚೆಯ ನೀರು ತಳ ಕಾಣುವಷ್ಟು ತಿಳಿಯಾಗುತ್ತದೆ. ನೀರು ತಿಳಿಯಾಗಿದ್ದರೆ ಮಾತ್ರ! ರಾಡಿ ನೀರಲ್ಲಿ ಹೊಳಪು ತೆಗೆದರೆ ರಾಡಿಯೇ ಕಾಣುತ್ತದೆ.

ಅದೇ ಫ್ರೇಮ್‌ನಲ್ಲಿ ಕೆರೆಯ ಆಚೆ ದಡದ ಹತ್ತಿರದ ನೀರು ನೋಡಿ. ಅಲ್ಲಿ ಹೊಳಪು ಹಾಗೇ ಉಳಿದಿರುತ್ತದೆ, ಯಾಕಂದರೆ ಅಲ್ಲಿ ನಿಮ್ಮ ನೋಟ ನೀರಿಗೆ ಹೆಚ್ಚುಕಡಿಮೆ ಸವರಿಕೊಂಡು ಹೋಗುತ್ತಿದೆ. ನೇರ ಕೆಳಗೆ, ಕಾಲ ಬುಡದ ನೀರನ್ನು ನೋಡಿದರೂ ಅಷ್ಟೇ, ಪರಿಣಾಮ ಇರುವುದಿಲ್ಲ. ಫಿಲ್ಟರ್ ಕೆಲಸ ಮಾಡಲಿಲ್ಲ ಅಂತ ಹೇಳುವವರಲ್ಲಿ ಬಹಳ ಜನ ಹೊಳೆಯುವ ಮೇಲ್ಮೈಯ ಎದುರಿಗೆ ನೇರವಾಗಿ ನಿಂತಿರುತ್ತಾರೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಅಥವಾ ಸ್ವಲ್ಪ ಕೂತು ನೋಡಿ, ತಿರುಗಿಸಿ. ಬೇರೆಯದೇ ಫೋಟೋ ಬರುತ್ತದೆ.

ತಿರುಗಿಸುವ ಬಗ್ಗೆ ಕೆಲವು ಮಾತು. ಜಾಸ್ತಿ ಹೊಳಪಿನಿಂದ ಕಡಿಮೆ ಹೊಳಪಿಗೆ ಬರಲು ರಿಂಗ್ ಕಾಲು ಸುತ್ತು ತಿರುಗಿದರೆ ಸಾಕು, ಅರ್ಧ ಸುತ್ತಿಗೆ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಫಿಲ್ಟರ್ ಹಾಕುವಾಗ ಯಾವ ಕಡೆಗೆ ತಿರುಗಿಸಿದಿರೋ ಅದೇ ಕಡೆಗೇ ರಿಂಗ್ ತಿರುಗಿಸಿ, ಉಲ್ಟಾ ತಿರುಗಿಸಿದರೆ ಫಿಲ್ಟರ್ ಸಡಿಲವಾಗಿ ಬಿದ್ದುಹೋಗಬಹುದು. ಕ್ಯಾಮೆರಾವನ್ನು ಅಡ್ಡದಿಂದ ನೇರಕ್ಕೆ ಹಿಡಿದರೆ ಫಿಲ್ಟರ್ ಕೂಡ 90 ಡಿಗ್ರಿ ತಿರುಗಿಬಿಡುತ್ತದೆ, ಮತ್ತೆ ಸರಿಮಾಡಿಕೊಳ್ಳಬೇಕು. ಹಳೆಯ 18-55 ಕಿಟ್ ಲೆನ್ಸ್‌ಗಳಲ್ಲಿ ಕೆಲವಕ್ಕೆ ಫೋಕಸ್ ಆಗುವಾಗ ಮುಂದಿನ ಭಾಗವೇ ತಿರುಗುತ್ತದೆ. ಅಂಥ ಲೆನ್ಸ್ ಇದ್ದರೆ ಮೊದಲು ಫೋಕಸ್, ಆಮೇಲೆ ಫಿಲ್ಟರ್.

ಇನ್ನೊಂದು ಬೆಲೆಯೂ ಇದೆ. ಫಿಲ್ಟರ್ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ. 1/500ರಲ್ಲಿ ತೆಗೆಯುತ್ತಿದ್ದ ಫೋಟೋದ ಶಟರ್ ವೇಗ 1/125ರವರೆಗೆ ಇಳಿಯಬಹುದು. ಕೆರೆಯಲ್ಲಿ ಹಾರುವ ಹಕ್ಕಿ ಹಿಡಿಯುವಾಗ, ಕಲ್ಯಾಣ ಮಂಟಪದ ಒಳಗೆ ಮದುವೆ ತೆಗೆಯುವಾಗ, ಸಂಜೆ ಬೆಳಕು ಇಳಿದ ಮೇಲೆ ಅದನ್ನು ಬಿಚ್ಚಿ ಜೇಬಿಗೆ ಹಾಕಿ.

ಹೊಳಪು ಬೇಕಾದಾಗಲೂ ಇದೇ ಫಿಲ್ಟರ್

ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಗೆ ಹೋಗಿದ್ದೀರಾ? ಶೃಂಗಿ ತೀರ್ಥ ಅಂತಾರೆ. ಸುತ್ತಲೂ ಮೆಟ್ಟಿಲು, ಮೆಟ್ಟಿಲ ಮೇಲೆ ಕಂಬಸಾಲು, ನೀರು ನಿಂತಿದ್ದಾಗ ಇಡೀ ಕಂಬಸಾಲು ತಲೆಕೆಳಗಾಗಿ ನೀರಲ್ಲಿ ಕಾಣುತ್ತದೆ. ಆ ಜಾಗದಲ್ಲಿ ಪ್ರತಿಬಿಂಬ ಅಳಿಸಿದರೆ ಫೋಟೋದ ಜೀವವೇ ಹೋಗುತ್ತದೆ. ನನಗಂತೂ ಅಲ್ಲಿ ಹೊಳಪು ತೆಗೆದ ಫೋಟೋ ನೋಡಿದರೆ ಸಂಕಟವಾಗುತ್ತದೆ.

ಅಲ್ಲಿಯೂ ಫಿಲ್ಟರ್ ಉಪಯೋಗಕ್ಕೆ ಬರುತ್ತದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಪ್ರತಿಬಿಂಬ ಅತಿ ಕಡಿಮೆ ಆಗುವ ಜಾಗದಿಂದ ಕಾಲು ಸುತ್ತು ಮುಂದೆ ತಿರುಗಿಸಿ. ಈಗ ಪ್ರತಿಬಿಂಬದ ಬೆಳಕು ಹೆಚ್ಚುಕಡಿಮೆ ಪೂರ್ತಿ ಒಳಗೆ ಬರುತ್ತದೆ, ನೀರಿನ ಒಳಗಿನಿಂದ ಬರುವ ಹಸಿರು ಪಾಚಿ ಬೆಳಕು ಮಾತ್ರ ಅರ್ಧಕ್ಕೆ ಇಳಿಯುತ್ತದೆ. ಫಲವಾಗಿ ಕಂಬಗಳ ಬಿಂಬ ಫಿಲ್ಟರ್ ಇಲ್ಲದಿದ್ದಾಗಿನದಕ್ಕಿಂತ ಗಟ್ಟಿಯಾಗಿ, ಆಳವಾಗಿ ಕಾಣುತ್ತದೆ. ಎಡಿಟಿಂಗ್‌ನಲ್ಲಿ ಕಾಂಟ್ರಾಸ್ಟ್ ಎಳೆದರೆ ಪಾಚಿಯೂ ಬಿಂಬವೂ ಒಟ್ಟಿಗೆ ಏರುತ್ತವೆ. ಈ ವ್ಯತ್ಯಾಸ ಅಲ್ಲಿ ಸಿಗುವುದಿಲ್ಲ.

ಎಲೆ, ಮಳೆ, ಕರಿಕಲ್ಲು

ಪೋಲರೈಸರ್ ಅಂದರೆ ನೀರು ಮತ್ತು ಆಕಾಶ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದರ ನಿಜವಾದ ಕೆಲಸ ಎಲೆಗಳ ಮೇಲೆ. ತೆಂಗಿನ ಗರಿ, ಮಾವಿನ ಎಲೆ, ಹಲಸಿನ ಎಲೆ, ದ್ರಾಕ್ಷಿ ಬಳ್ಳಿ ಎಲ್ಲದರ ಮೇಲೂ ಮೇಣದಂಥ ನಯ ಇದೆ. ಅದರಲ್ಲಿ ಆಕಾಶದ ಬಿಳಿ ಕಾಣಿಸುತ್ತದೆ. ಹತ್ತಿರದಿಂದ ನೋಡಿದರೆ ಕಡು ಹಸಿರಿನ ಎಲೆ ಫೋಟೋದಲ್ಲಿ ಬೂದುಬಣ್ಣಕ್ಕೆ ಬರುವುದು ಇದರಿಂದ. ಆಗ ನಾವೇನು ಮಾಡುತ್ತೇವೆ, ಬಣ್ಣ ಗಾಢ ಮಾಡುವ ಸ್ಯಾಚುರೇಶನ್ ಎಳೆಯುತ್ತೇವೆ. ಮೊದಲೇ ಹಸಿರಿದ್ದ ಎಲೆ ಪ್ಲಾಸ್ಟಿಕ್ ಹಸಿರಾಗುತ್ತದೆ, ಬಿಳಿ ಮಚ್ಚೆ ಇದ್ದ ಕಡೆ ನೀಲಿ ಬಣ್ಣ ಹತ್ತುತ್ತದೆ. ಫಿಲ್ಟರ್ ಆ ಬಿಳಿಯನ್ನೇ ತೆಗೆಯುವುದರಿಂದ ಎಲೆಯ ಸ್ವಂತ ಬಣ್ಣ ತಾನಾಗಿ ಹೊರಗೆ ಬರುತ್ತದೆ. ಮೋಡ ಕವಿದ ದಿನವೂ ಇದು ಕೆಲಸ ಮಾಡುತ್ತದೆ, ಮಳೆ ನಿಂತ ಹತ್ತು ನಿಮಿಷಕ್ಕೆ ಇನ್ನೂ ಚೆನ್ನಾಗಿ. ದೇವರಾಯನದುರ್ಗದ ಕಾಡಿನ ದಾರಿಯಲ್ಲಿ ಮಳೆಗಾಲದಲ್ಲಿ ಒಮ್ಮೆ ತಿರುಗಿಸಿ ನೋಡಿ, ವ್ಯೂಫೈಂಡರ್‌ನಲ್ಲೇ ಗೊತ್ತಾಗುತ್ತದೆ.

ದ್ರಾಕ್ಷಿ ಹಣ್ಣಿನ ಮೇಲೆ ಬೂದಿ ಬಳಿದಂತೆ ಇರುವ ಪುಡಿ ಮಾತ್ರ ಇದರಿಂದ ಹೋಗುವುದಿಲ್ಲ. ಅದು ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಹೋಗಬಾರದು ಕೂಡ, ಅದು ಹಣ್ಣು ತಾಜಾ ಅನ್ನುವುದರ ಗುರುತು.

ಕರಿಕಲ್ಲಿನ ಕೆತ್ತನೆ ಇನ್ನೊಂದು ಒಳ್ಳೆಯ ಜಾಗ. ಭೋಗನಂದೀಶ್ವರದ ಕಲ್ಯಾಣ ಮಂಟಪದ ಕಂಬಗಳು ನುಣುಪಾಗಿ ಹೊಳೆಯುತ್ತವೆ, ಹೊರಗಿನ ಬೆಳಕು ಬಿದ್ದು ಕೆತ್ತನೆಯ ಮೇಲೆ ಬಿಳಿ ಪಟ್ಟೆ ಬರುತ್ತದೆ. ಓರೆಯಾಗಿ ನಿಂತು ತಿರುಗಿಸಿದರೆ ಪಟ್ಟೆ ಹೋಗಿ ಬಳ್ಳಿ, ಗಿಳಿ ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಪೂರ್ತಿ ತೆಗೆಯಬೇಡಿ. ಸ್ವಲ್ಪ ಹೊಳಪು ಇದ್ದರೇ ಕಲ್ಲು ನುಣುಪು ಅಂತ ಕಣ್ಣಿಗೆ ತಿಳಿಯುವುದು.

ಶಿಲಾಶಾಸನದ ಅಕ್ಷರ ಓದಬೇಕಾಗಿದ್ದರೆ ಕಥೆ ಬೇರೆ. ಅಲ್ಲಿ ಫಿಲ್ಟರ್‌ಗಿಂತ ಪಕ್ಕದಿಂದ ಸವರಿಕೊಂಡು ಬೀಳುವ ಬೆಳಕು ಮುಖ್ಯ. ಬೆಳಿಗ್ಗೆ ಬೇಗ ಹೋಗಿ, ಅಥವಾ ನೆರಳು ಮಾಡಿ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಎಐ ಮಾತ್ರ ಬೇಡ, ದಯವಿಟ್ಟು. ಸವೆದ ಹಳೆಗನ್ನಡ ಅಕ್ಷರವನ್ನು ಅದು ತನಗೆ ತೋಚಿದ ಗೆರೆಯಾಗಿ ತಿದ್ದಿಬಿಡಬಹುದು. ಆ ಫೋಟೋ ನೋಡಿ ಮುಂದೆ ಯಾರಾದರೂ ಓದಲು ಕೂತರೆ ಅವರ ಗತಿ ಏನು?

ನಂದಿ ಬೆಟ್ಟ, ಆಕಾಶ, ಮಂಜು

ನಂದಿ ಬೆಟ್ಟಕ್ಕೆ ಸೂರ್ಯೋದಯಕ್ಕೆ ಹೋಗುವವರು ಪೋಲರೈಸರ್ ಹಾಕಿ ಸೂರ್ಯನ ಕಡೆಗೇ ತಿರುಗಿ ನಿಲ್ಲುತ್ತಾರೆ. ಆ ದಿಕ್ಕಿನಲ್ಲಿ ಅದರಿಂದ ಏನೂ ಆಗುವುದಿಲ್ಲ, ಸುಮ್ನೆ ಬೆಳಕು ಕಡಿಮೆಯಾಗುತ್ತದೆ. ಆಕಾಶದ ಬೆಳಕು ಅತಿ ಹೆಚ್ಚು ಪೋಲರೈಸ್ ಆಗಿರುವುದು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವುದು, ಸೂರ್ಯನಿಂದ 90 ಡಿಗ್ರಿ ದೂರದಲ್ಲಿ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ಅಡ್ಡಕ್ಕೆ ನೇರ ಮಾಡಿ, ಕೈಯನ್ನು ತಿರುಗಿಸಿ. ಹೆಬ್ಬೆರಳು ತೋರಿಸುವ ಕಡೆಯೆಲ್ಲ ಫಿಲ್ಟರ್ ಕೆಲಸ ಮಾಡುತ್ತದೆ. ಬೆಳಿಗ್ಗೆ ಸಂಜೆ ಅಂದರೆ ಉತ್ತರ, ದಕ್ಷಿಣ ಮತ್ತು ತಲೆಯ ಮೇಲೆ. ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಹತ್ತಿರ ಇದ್ದರೆ ದಿಗಂತದ ಸುತ್ತಲೂ.

ಅಗಲ ಲೆನ್ಸ್ ಇದ್ದರೆ ಎಚ್ಚರ. ಫುಲ್‌ಫ್ರೇಮ್‌ನಲ್ಲಿ 24 ಎಂಎಂ ಅಥವಾ ಅದಕ್ಕಿಂತ ಅಗಲ ಆದರೆ ಆಕಾಶದ ಒಂದು ಭಾಗ ಕಡು ನೀಲಿ, ಪಕ್ಕದ್ದು ತಿಳಿ ನೀಲಿ ಆಗಿ ನಡುವೆ ಒಂದು ಪಟ್ಟೆ ಬರುತ್ತದೆ. ಆಮೇಲೆ ಸರಿಮಾಡುವುದು ದೊಡ್ಡ ತಲೆನೋವು. ಹಲವು ಫೋಟೋ ಜೋಡಿಸಿ ಪನೋರಮಾ ಹೊಲಿಯುವುದಾದರೆ ಫಿಲ್ಟರ್ ಬಿಚ್ಚಿಟ್ಟೇ ಫೋಟೋ ತೆಗೆಯಿರಿ. ಬರೀ ಆಕಾಶಕ್ಕೋಸ್ಕರ ಆದರೆ ನಾನು ಎಡಿಟಿಂಗ್ ಪರ. ಲೈಟ್‌ರೂಮ್‌ನಲ್ಲಿ ಸ್ಕೈ ಮಾಸ್ಕ್ ಮಾಡಿ (ಆಕಾಶವನ್ನು ಮಾತ್ರ ಆಯ್ದುಕೊಂಡು), ನೀಲಿ ಬಣ್ಣದ ಲೂಮಿನೆನ್ಸ್, ಅಂದರೆ ಬೆಳಕಿನ ಮಟ್ಟ, ಸ್ವಲ್ಪ ಇಳಿಸಿದರೆ ಸಾಕು. ಜಾಸ್ತಿ ಇಳಿಸಿದರೆ ಎರಡು ಕಡೆ ಸಿಕ್ಕಿಬೀಳುತ್ತೀರಿ. ಆಕಾಶದಲ್ಲಿ ಕಾಳುಕಾಳು ನಾಯ್ಸ್ ಬರುತ್ತದೆ, ತೆಂಗಿನ ಗರಿಗಳ ಸುತ್ತ ಬಿಳಿ ಅಂಚು ಉಳಿಯುತ್ತದೆ. ನೂರು ಪರ್ಸೆಂಟ್ ಜೂಮ್ ಮಾಡಿ ಗರಿಗಳ ತುದಿ ನೋಡಿ, ಆಮೇಲೆ ನಿಲ್ಲಿಸಿ.

ಮಂಜಿಗೆ ಫಿಲ್ಟರ್ ಹಾಕಿ ಪ್ರಯೋಜನ ಇಲ್ಲ. ಮಂಜಿನ ಹನಿ ದೊಡ್ಡದು, ಅದು ಚದುರಿಸುವ ಬೆಳಕನ್ನು ಫಿಲ್ಟರ್ ಅಷ್ಟಾಗಿ ತಡೆಯುವುದಿಲ್ಲ. ಒಣ ಹವೆಯಲ್ಲಿ ದೂರದ ಬೆಟ್ಟಗಳ ಮೇಲೆ ಕಾಣುವ ನೀಲಿ ಮಸುಕು ಬೇರೆ, ಆವಲಬೆಟ್ಟದ ಬಂಡೆ ಮೇಲೆ ನಿಂತು ಸೂರ್ಯನಿಗೆ ಅಡ್ಡವಾಗಿ ನೋಡಿದರೆ ಅದು ಚೆನ್ನಾಗಿ ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ಎಡಿಟಿಂಗ್‌ನಲ್ಲಿ ಮಸುಕು ಕಡಿಮೆ ಮಾಡುವ ಡೀಹೇಜ್ ಸ್ಲೈಡರ್ ಇದೆ. ಮಂಜನ್ನು ಮಾತ್ರ ಡೀಹೇಜ್ ಹಾಕಿ ಕೊಲ್ಲಬೇಡಿ, ಅದನ್ನು ನೋಡಲೆಂದೇ ಅಲ್ವಾ ನಸುಕಿನಲ್ಲಿ ಎದ್ದು ಹೋಗಿದ್ದು.

ಗೋಡೆಯ ಮೇಲಿನ ಹಳೆ ಫೋಟೋ

ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಮ್ಮ ಮನೆಗಳಲ್ಲಿ ಇದರ ಅಗತ್ಯ ಬಹಳ ಇದೆ. ಅಜ್ಜ ಅಜ್ಜಿಯ ಕಪ್ಪು ಬಿಳುಪು ಸ್ಟುಡಿಯೋ ಫೋಟೋ ಗಾಜಿನ ಕಟ್ಟಿನಲ್ಲಿ ನಡುಮನೆಯ ಗೋಡೆ ಮೇಲಿರುತ್ತದೆ. ಒಂದೇ ಪ್ರತಿ. ಫೋನಲ್ಲಿ ಅದರ ಫೋಟೋ ತೆಗೆದರೆ ಅಜ್ಜನ ಮುಖದ ಮೇಲೆ ನಮ್ಮ ಮುಖ, ಟ್ಯೂಬ್‌ಲೈಟ್, ಎದುರಿನ ಕಿಟಕಿ.

ಕಟ್ಟು ಬಿಚ್ಚಲು ಅವಸರ ಬೇಡ. ಹಳೆಯ ಫೋಟೋ ತೇವಕ್ಕೆ ಗಾಜಿಗೇ ಅಂಟಿಕೊಂಡಿರಬಹುದು, ಕಿತ್ತರೆ ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಅಂಟಿದ್ದರೆ ಗಾಜು ಇರುವಂತೆಯೇ ಅದರ ಫೋಟೋ ತೆಗೆಯಿರಿ.

ಇಲ್ಲಿ ಕಷ್ಟ ಏನೆಂದರೆ, ಫೋಟೋ ಸೊಟ್ಟ ಬರಬಾರದು ಅಂದರೆ ಕ್ಯಾಮೆರಾ ಗಾಜಿಗೆ ಎದುರು ನೇರವಾಗಿ ಇರಬೇಕು. ನೇರವಾಗಿದ್ದರೆ ಪೋಲರೈಸರ್ ಒಂದೇ ಏನೂ ಮಾಡುವುದಿಲ್ಲ. ಹಾಗಾಗಿ ಮೊದಲ ಕೆಲಸ ಗಾಜಿಗೆ ಕಾಣುವಂಥದ್ದನ್ನೆಲ್ಲ ಕಪ್ಪು ಮಾಡುವುದು. ಕೋಣೆಯ ದೀಪ ಆರಿಸಿ. ಕಟ್ಟನ್ನು ಕಿಟಕಿಯ ಪಕ್ಕದಲ್ಲಿ ಗೋಡೆಗೆ ಒರಗಿಸಿ, ಬೆಳಕು ಪಕ್ಕದಿಂದ ಬೀಳಲಿ. ನಿಮ್ಮ ಬೆನ್ನ ಹಿಂದೆ ಕರಿ ಕಂಬಳಿಯೋ ಕರಿ ಬೆಡ್‌ಶೀಟೋ ಕಟ್ಟಿ, ನೀವೂ ಕಪ್ಪು ಬಟ್ಟೆ ಹಾಕಿ. ಹತ್ತಿರದಿಂದ ತೆಗೆಯುವುದಕ್ಕಿಂತ ಸ್ವಲ್ಪ ದೂರ ನಿಂತು ಜೂಮ್ ಮಾಡಿದರೆ ಗಾಜು ನೋಡುವ ಜಾಗ ಕಿರಿದಾಗುತ್ತದೆ, ಆಗ ಸಣ್ಣ ಬಟ್ಟೆಯೂ ಸಾಕು. ಹತ್ತರಲ್ಲಿ ಎಂಟು ಕಟ್ಟುಗಳಿಗೆ ಇಷ್ಟೇ ಸಾಕಾಗುತ್ತದೆ.

ಇನ್ನೂ ಶುದ್ಧವಾಗಿ ಬೇಕು ಅಂದರೆ ಕ್ರಾಸ್ ಪೋಲರೈಸೇಶನ್ ಅಂತ ಒಂದು ವಿಧಾನ ಇದೆ, ವಸ್ತುಸಂಗ್ರಹಾಲಯಗಳಲ್ಲಿ ವರ್ಣಚಿತ್ರ ತೆಗೆಯುವವರೂ ಬಳಸುತ್ತಾರೆ. ಪೋಲರೈಸಿಂಗ್ ಫಿಲ್ಮ್ ಹಾಳೆಯಾಗಿ ಆನ್‌ಲೈನಲ್ಲಿ ಸಿಗುತ್ತದೆ. ಎಡಕ್ಕೊಂದು ಬಲಕ್ಕೊಂದು ಎಲ್ಇಡಿ ದೀಪ 45 ಡಿಗ್ರಿಯಲ್ಲಿ ಇಟ್ಟು, ಎರಡರ ಮುಂದೆಯೂ ಹಾಳೆಯನ್ನು ಒಂದೇ ದಿಕ್ಕಿಗೆ ಇರುವಂತೆ ಕಟ್ಟಿ. ಬಿಸಿಯಾಗುವ ಬಲ್ಬಿಗೆ ತಾಗಿಸಬೇಡಿ, ಹಾಳೆ ಸುಟ್ಟುಹೋಗುತ್ತದೆ. ಬೇರೆ ಎಲ್ಲ ಬೆಳಕು ಆರಿಸಿ, ಲೆನ್ಸ್ ಮೇಲಿನ ಪೋಲರೈಸರ್ ನಿಧಾನಕ್ಕೆ ತಿರುಗಿಸಿ. ಒಂದು ಹಂತದಲ್ಲಿ ಗಾಜು ಮಾಯವಾದ ಹಾಗೆ ಹೊಳಪೆಲ್ಲ ಹೋಗಿ ಕಾಗದ ಮಾತ್ರ ಉಳಿಯುತ್ತದೆ. ಬೆಳಕು ತುಂಬಾ ಕಡಿಮೆ ಆಗುವುದರಿಂದ ಟ್ರೈಪಾಡ್ ಬೇಕು. ಮೈಸೂರು ಶೈಲಿ ಅಥವಾ ತಂಜಾವೂರು ಚಿತ್ರಕ್ಕೆ ಈ ವಿಧಾನವನ್ನು ಪೂರ್ತಿ ಬಳಸಬೇಡಿ, ಚಿನ್ನದ ರೇಕು ಸತ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಅರ್ಧಕ್ಕೆ ನಿಲ್ಲಿಸಿ.

ಎಡಿಟಿಂಗ್‌ನಲ್ಲಿ ಈ ಹೊಳಪು ತೆಗೆಯಲು ಹೋದರೆ ಏನಾಗುತ್ತದೆ? ಅಂಚಿನಲ್ಲೋ ಕೋಟಿನ ಮೇಲೋ ಇದ್ದರೆ ಪರವಾಗಿಲ್ಲ. ಕಣ್ಣಿನ ಮೇಲೆ ಇದ್ದರೆ ಎಐ ಅಲ್ಲಿ ಬೇರೆ ಯಾರದೋ ಕಣ್ಣು ಕೂರಿಸಬಹುದು. ಚೆನ್ನಾಗಿಯೇ ಕಾಣುತ್ತದೆ, ಆದರೆ ಅದು ನಿಮ್ಮ ಅಜ್ಜಿ ಅಲ್ಲ. ಮುಂದಿನ ತಲೆಮಾರಿಗೆ ಉಳಿಯುವುದು ಅದೇ ಫೈಲ್. ಅರ್ಧ ಗಂಟೆ ಕರಿ ಬಟ್ಟೆ ಕಟ್ಟುವ ಕಷ್ಟ ಇದಕ್ಕಿಂತ ದೊಡ್ಡದಲ್ಲ.

ಕೆಲಸ ಮಾಡದ ಜಾಗಗಳು

ಬರೀ ಲೋಹದ ಹೊಳಪಿಗೆ ಪೋಲರೈಸರ್ ನಡೆಯುವುದಿಲ್ಲ. ಹಿತ್ತಾಳೆ ದೀಪ, ಬೆಳ್ಳಿ ತಟ್ಟೆ, ಚಿನ್ನದ ಸರ, ಪಂಚಲೋಹದ ಉತ್ಸವಮೂರ್ತಿ ಯಾವುದಕ್ಕೂ. ಅಲ್ಲಿ ಬೆಳಕಿನ ಎದುರು ಬಿಳಿ ಬಟ್ಟೆ ಹಿಡಿದು ಮೆದು ಮಾಡುವುದೇ ದಾರಿ. ರೇಷ್ಮೆ ಸೀರೆಯ ಜರಿಗೂ ಅಷ್ಟೇ. ರೇಷ್ಮೆಯ ಮೈಹೊಳಪು ಸ್ವಲ್ಪ ಕಡಿಮೆ ಆಗುತ್ತದೆ, ಆದರೆ ಶಿಡ್ಲಘಟ್ಟದ ಗೂಡಿನಿಂದ ಬಂದ ನೂಲಿನ ಹೊಳಪು ತೆಗೆದು ಹತ್ತಿ ಬಟ್ಟೆ ತರ ತೋರಿಸಿ ಯಾರಿಗೆ ಲಾಭ?

ಬಣ್ಣ ಬಳಿದ ಲೋಹಕ್ಕೆ ನಡೆಯುತ್ತದೆ, ಕಾರಿನ ಮೈಯಂತೆ. ಕಾರಿನ ಪಕ್ಕದ ಮತ್ತು ಹಿಂದಿನ ಗಾಜಿನಲ್ಲಿ ಮಾತ್ರ ಚೌಕ ಚೌಕ ಕಪ್ಪು ಮಚ್ಚೆ ಕಾಣಿಸಿಕೊಳ್ಳಬಹುದು. ಗಾಜು ಗಟ್ಟಿ ಮಾಡುವಾಗ ಒಳಗೆ ಉಳಿದ ಒತ್ತಡ ಪೋಲರೈಸರ್ ಮೂಲಕ ಹಾಗೆ ಕಾಣುತ್ತದೆ, ಫಿಲ್ಟರ್ ಕೆಟ್ಟಿಲ್ಲ. ಪಾವಗಡದ ಸೋಲಾರ್ ಪಾರ್ಕ್ 13,000 ಎಕರೆ, ಕಣ್ಣು ಹಾಯಿಸಿದಷ್ಟೂ ಪ್ಯಾನೆಲ್. ಆ ಪ್ಯಾನೆಲ್‌ಗಳ ಗಾಜಿನ ಮೇಲಿನ ಬಿಳಿ ಹೊಳಪು ಓರೆಯಾಗಿ ನೋಡಿದಾಗ ಚೆನ್ನಾಗಿ ಕಡಿಯುತ್ತದೆ, ಸಾಲುಗಳು ಕಡು ನೀಲಿ ಗೆರೆಗಳಾಗಿ ಬಿಡಿಸಿಕೊಳ್ಳುತ್ತವೆ.

ಅಂಗಡಿ ಗಾಜಿನ ಒಳಗಿರುವುದರ ಫೋಟೋ ತೆಗೆಯಲು ಗಾಜಿನಿಂದ ನೀವು 2 ಮೀಟರ್ ದೂರ ಇದ್ದರೆ ಸುಮಾರು 3 ಮೀಟರ್ ಪಕ್ಕಕ್ಕಿರುವ ವಸ್ತುವನ್ನು ನೋಡುವಂತೆ ನಿಲ್ಲಿ. ಅಷ್ಟು ಓರೆ ಬೇಡ ಅಂದರೆ ಫಿಲ್ಟರ್ ಬಿಟ್ಟು ಲೆನ್ಸನ್ನು ಗಾಜಿಗೆ ಒತ್ತಿ ಹಿಡಿಯಿರಿ, ಸುತ್ತ ಕೈ ಅಥವಾ ರಬ್ಬರ್ ಹುಡ್ ಮುಚ್ಚಿ. ಬಸ್ಸಿನ ಕಿಟಕಿಗೂ ಇದೇ ಉಪಾಯ.

ಎಡಿಟಿಂಗ್ ನಿಜಕ್ಕೂ ಸಹಾಯ ಮಾಡುವುದು ಎಲ್ಲಿ

ಗಾಜಿನ ಮೂಲಕ ತೆಗೆದ ಫೋಟೋಗಳಿಗಾಗಿ ಫೋಟೋಶಾಪ್ ಜೊತೆ ಬರುವ, ರಾ ಫೈಲ್ ತಿದ್ದುವ ಅಡೋಬಿ ಕ್ಯಾಮೆರಾ ರಾ ಒಳಗೆ 2024ರ ಡಿಸೆಂಬರ್‌ನಲ್ಲಿ ಪ್ರತಿಫಲನ ತೆಗೆಯುವ ಸೌಲಭ್ಯ ಬಂತು. ಕಿಟಕಿಯಾಚೆಯ ದೃಶ್ಯ ಸ್ಪಷ್ಟವಾಗಿದ್ದು, ಅದರ ಮೇಲೆ ತೆಳ್ಳಗೆ ನಮ್ಮ ಬಿಂಬ ಬಿದ್ದಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನೀರಿನ ಹೊಳಪಿಗೆ, ಎಲೆಯ ಹೊಳಪಿಗೆ ಅದನ್ನು ಮಾಡಿದ್ದಲ್ಲ. ಸ್ಯಾಮ್‌ಸಂಗ್ ಫೋನಿನ ಗ್ಯಾಲರಿಯಲ್ಲೂ ಇಂಥದ್ದೊಂದು ಆಯ್ಕೆ ಇದೆ. ಪ್ರವಾಸದ ನೆನಪಿನ ಫೋಟೋಗೆ ಧಾರಾಳವಾಗಿ ಬಳಸಿ. ಬೆವರಿನಿಂದ ಹೊಳೆಯುವ ಹಣೆ, ಕನ್ನಡಕದ ಮೇಲಿನ ಸಣ್ಣ ಬಿಳಿ ಚುಕ್ಕೆ, ಇವಕ್ಕೆಲ್ಲ ಹೀಲಿಂಗ್ ಬ್ರಷ್ ಸಾಕು. ಚರ್ಮದ ಹೊಳಪನ್ನು ಪೋಲರೈಸರ್‌ನಿಂದ ಪೂರ್ತಿ ತೆಗೆದರೆ ಮುಖ ಚಪ್ಪಟೆಯಾಗುತ್ತದೆ, ಹಾಗಾಗಿ ಮನುಷ್ಯರ ಫೋಟೋಗೆ ನಾನು ಎಡಿಟಿಂಗ್ ಕಡೆಗೇ ವಾಲುತ್ತೇನೆ.

ಆದರೆ ಎಡಿಟಿಂಗ್‌ನ ಅತಿ ಒಳ್ಳೆಯ ಉಪಯೋಗ ಫಿಲ್ಟರ್ ಜೊತೆ ಸೇರಿದಾಗ. ಮಲಗಿರುವ ಮೇಲ್ಮೈಯ ಹೊಳಪಿಗೂ ನಿಂತಿರುವ ಗಾಜಿನ ಹೊಳಪಿಗೂ ಫಿಲ್ಟರ್ ಬೇರೆ ಬೇರೆ ಕೋನದಲ್ಲಿ ಇರಬೇಕು. ಕಾರಿನ ಬಾನೆಟ್ ಸರಿಯಾದರೆ ಪಕ್ಕದ ಗಾಜು ಹೊಳೆಯುತ್ತದೆ, ಗಾಜು ಸರಿಯಾದರೆ ಬಾನೆಟ್. ಒಂದೇ ಶಾಟ್‌ನಲ್ಲಿ ಎರಡೂ ಆಗುವುದಿಲ್ಲ. ಟ್ರೈಪಾಡ್ ಹಾಕಿ, ಮ್ಯಾನುಯಲ್ ಮೋಡ್‌ನಲ್ಲಿ ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲ ಕಟ್ಟಿಹಾಕಿ. ಬಾನೆಟ್‌ಗೆ ಒಂದು ಶಾಟ್, ಗಾಜಿಗೆ ಒಂದು ಶಾಟ್, ಮಧ್ಯೆ ರಿಂಗ್ ಮಾತ್ರ ತಿರುಗಲಿ. ಫೋಟೋಶಾಪ್‌ನಲ್ಲಿ ಎರಡನ್ನೂ ಲೇಯರ್ ಮಾಡಿ, ಮೇಲಿನದರ ಬ್ಲೆಂಡ್ ಮೋಡ್ (ಎರಡು ಲೇಯರ್ ಬೆರೆಯುವ ರೀತಿ) ಅನ್ನು ಡಾರ್ಕನ್‌ಗೆ ಇಡಿ. ಪ್ರತಿ ಜಾಗದಲ್ಲೂ ಹೊಳಪು ಕಡಿಮೆ ಇರುವ ಶಾಟ್ ತಾನಾಗಿ ಉಳಿಯುತ್ತದೆ, ಆಕಾಶದಂಥ ಕಡೆ ಹೆಚ್ಚುಕಡಿಮೆ ಆದರೆ ಮಾಸ್ಕ್ ಹಾಕಿ. ಕಲ್ಯಾಣಿಯಲ್ಲೂ ಹೀಗೇ ಮಾಡಬಹುದು, ಹತ್ತಿರದ ಮುಳುಗಿದ ಮೆಟ್ಟಿಲಿಗೆ ಹೊಳಪು ತೆಗೆದ ಶಾಟ್, ದೂರದ ಕಂಬಸಾಲಿಗೆ ಬಿಂಬ ಉಳಿಸಿದ ಶಾಟ್. ಇಲ್ಲಿ ಊಹೆ ಏನೂ ಇಲ್ಲ, ಎರಡೂ ಕ್ಯಾಮೆರಾ ಕಂಡದ್ದೇ.

ಕೊಳ್ಳುವಾಗ

ಸರ್ಕ್ಯುಲರ್ ಪೋಲರೈಸರ್, ಅಂದರೆ ಸಿಪಿಎಲ್ ಕೇಳಿ. ಲೀನಿಯರ್ ಆದರೆ ಡಿಎಸ್ಎಲ್ಆರ್‌ಗಳ ಆಟೋಫೋಕಸ್, ಮೀಟರಿಂಗ್ (ಬೆಳಕು ಅಳೆಯುವುದು) ದಾರಿ ತಪ್ಪಬಹುದು. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಫಿಲ್ಟರ್‌ನ ಲೆನ್ಸ್‌ಗೆ ಹಾಕುವ ಬದಿ ಕನ್ನಡಿಯ ಕಡೆ ಇರುವಂತೆ ಹಿಡಿದು ಅದರ ಮೂಲಕ ಕನ್ನಡಿಯಲ್ಲಿ ಫಿಲ್ಟರನ್ನೇ ನೋಡಿ. ಸಿಪಿಎಲ್ ಆಗಿದ್ದರೆ ಕನ್ನಡಿಯೊಳಗಿನ ಫಿಲ್ಟರ್ ಕಪ್ಪಾಗಿ ಕಾಣುತ್ತದೆ, ತಿರುಗಿಸಿ ಹಿಡಿದರೆ ಕಪ್ಪಾಗುವುದಿಲ್ಲ. ಬಿಳಿ ಕಾಗದದ ಮೇಲೆ ಇಟ್ಟು ಹಳದಿಯೋ ಹಸಿರೋ ಛಾಯೆ ಇದೆಯಾ ಅಂತಲೂ ನೋಡಿ.

ಅಳತೆ ಲೆನ್ಸ್‌ನ ಮುಂದೆ ಬರೆದಿರುತ್ತದೆ, 52, 58, 67, 77 ಹೀಗೆ. ಪ್ರತಿ ಲೆನ್ಸ್‌ಗೆ ಒಂದೊಂದು ಕೊಳ್ಳಬೇಡಿ. ದೊಡ್ಡ ಲೆನ್ಸ್‌ನ ಅಳತೆಗೆ ಒಂದು ಒಳ್ಳೆಯದು ಕೊಂಡು, ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್, ಅಂದರೆ ಸಣ್ಣ ಲೆನ್ಸ್ ಮೇಲೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ, ಹಾಕಿ.

ಫೋನ್ ಇರುವವರಿಗೆ ಕ್ಲಿಪ್ ಹಾಕುವ ಸಿಪಿಎಲ್ ಇವೆ. ಕ್ಲಿಪ್ ಯಾವ ಲೆನ್ಸ್ ಮೇಲಿದೆ ನೋಡಿಕೊಳ್ಳಿ, ಜೂಮ್ ಮಾಡಿದಾಗ ಫೋನ್ ತಾನೇ ಬೇರೆ ಲೆನ್ಸ್‌ಗೆ ಹಾರಿಬಿಡುತ್ತದೆ. ಅದೂ ಇಲ್ಲದಿದ್ದರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಒಂದನ್ನು ಲೆನ್ಸ್ ಮುಂದೆ ಹಿಡಿಯಿರಿ. ಹಾಕಿಕೊಳ್ಳುವ ರೀತಿಯಲ್ಲೇ ಅಡ್ಡಕ್ಕೆ ಹಿಡಿದರೆ ನೀರಿನ ಹೊಳಪು ಹೋಗುತ್ತದೆ, ನಿಂತ ಗಾಜಿಗೆ ಆದರೆ ನೆಟ್ಟಗೆ ತಿರುಗಿಸಿ. ಗ್ಲಾಸಿನ ಬಣ್ಣ ಫೋಟೋಗೆ ಹತ್ತುತ್ತದೆ, ಅದನ್ನು ಆಮೇಲೆ ವೈಟ್ ಬ್ಯಾಲೆನ್ಸ್‌ನಲ್ಲಿ ತೆಗೆಯಬಹುದು.

ಫಿಲ್ಟರ್ ಒಳಗಿರುವುದು ತೆಳು ಹಾಳೆ, ಬಿಸಿಲಿಗೆ ಬಿಸಿಗೆ ಅದು ಹಾಳಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೋ ಬೈಕಿನ ಡಬ್ಬಿಯಲ್ಲೋ ಬಿಡಬೇಡಿ, ಬ್ಯಾಗಿನ ಒಳಗೆ ಡಬ್ಬಿಯಲ್ಲಿಡಿ. ಲೆನ್ಸ್‌ಗೆ ಬಿಗಿಯಾಗಿ ಕಚ್ಚಿಕೊಂಡರೆ ಸುತ್ತ ಒಂದು ರಬ್ಬರ್ ಬ್ಯಾಂಡ್ ಹಾಕಿ ಮೆಲ್ಲಗೆ ತಿರುಗಿಸಿ, ಬಂದುಬಿಡುತ್ತದೆ.